ಮಳೆ ನಿಂತ ಮೇಲಿನ ನೀರು

"ಮಳೆ ನಿಂತಿತಲ್ಲ ಸರ್, ಹೊರಡೋಣ್ವಾ?"

ಕುದ್ರುಗಳಲ್ಲಿ, ಅಂದರೆ ನದಿ ನಡುವಿನ ಸಣ್ಣ ದ್ವೀಪಗಳಲ್ಲಿ, ರಾತ್ರಿ ಟೆಂಟ್ ಹಾಕಿ, ಬೆಳಿಗ್ಗೆ ಕೆನೋದಲ್ಲಿ ಗಾಳ ಹಾಕಲು ಹೋಗುವವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಹನ್ನೆರಡು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಕೇಳಿದಾಗೆಲ್ಲ ಸಂಕಟ ಆಗುತ್ತದೆ. ಕೇಳುವವರು ಆಕಾಶ ನೋಡಿ ಕೇಳುತ್ತಾರೆ. ನಾವು ಹೋಗಬೇಕಾದದ್ದು ನೀರಿನ ಮೇಲೆ.

ಲೈಫ್ ಜಾಕೆಟ್, ಟಾರ್ಚ್, ಒಣ ಬಟ್ಟೆ ಇದರ ಬಗ್ಗೆ ನಾನಿಲ್ಲಿ ಬರೆಯುವುದಿಲ್ಲ. ಅಷ್ಟು ಗೊತ್ತಿಲ್ಲದವರು ದೋಣಿ ಹತ್ತಲೇಬಾರದು. ಇವತ್ತು ಹೇಳಬೇಕಾದ್ದು ಒಂದೇ. ಮಳೆ ನಿಂತ ಮೇಲೂ ಅಳಿವೆಯ, ಅಂದರೆ ನದಿ ಸಮುದ್ರ ಸೇರುವ ಬಾಯಿಯ, ಹತ್ತಿರ ನೀರು ಗಂಟೆಗಟ್ಟಲೆ ಅಪಾಯವಾಗಿಯೇ ಇರುತ್ತದೆ. ಕೆಲವೊಮ್ಮೆ ಮಳೆ ನಿಂತ ಮೇಲೇ ಜಾಸ್ತಿ ಆಗುತ್ತದೆ.

ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೀತಾ ನದಿ ಬರುವುದು ಆಗುಂಬೆ, ಹೆಬ್ರಿ ಕಡೆಯಿಂದ. ಸ್ವರ್ಣಾ ಬರುವುದು ಕಾರ್ಕಳದ ಆಚೆ ಮಾಳದ ಕಡೆಯ ಘಟ್ಟದಿಂದ. ಎರಡೂ ಕೊನೆಗೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ಒಟ್ಟಿಗೆ ಸಮುದ್ರ ಸೇರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ರಾತ್ರಿ ಅಲ್ಲಿ ಸುರಿದ ನೀರು ನಮ್ಮ ಟೆಂಟಿನ ಎದುರು ಬರುವ ಹೊತ್ತಿಗೆ ಇಲ್ಲೇ ಪಕ್ಕದ ಕೆಮ್ಮಣ್ಣು ಊರಿನಲ್ಲಿ ಬಿಸಿಲು ಬಂದಿರಬಹುದು. ಅಂದರೆ ನೀವು ನೋಡುವ ಬಿಸಿಲು ಇವತ್ತಿನದು, ನೀರು ನಿನ್ನೆ ರಾತ್ರಿಯದು.

ಇದರ ಮೇಲೆ ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದೊಂದೂ ಸುಮಾರು ಆರು ಗಂಟೆ. ಆದರೆ ಆರು ಗಂಟೆಯೂ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು, ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ ಮೂರು ಮೂರು ಪಾಲು ಇಳಿಯುತ್ತದೆ. ಆಮೇಲೆ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಹೊರಗೆ ಹೋಗುತ್ತದೆ. ಇದು ಅಂದಾಜಿನ ಲೆಕ್ಕ, ಆದರೆ ದೋಣಿಯವರಿಗೆ ಉಪಯೋಗಕ್ಕೆ ಬರುವ ಲೆಕ್ಕ.

ಈಗ ಘಟ್ಟದ ನೀರು ಮತ್ತು ಇಳಿತ ಎರಡೂ ಸೇರಿ ಅಳಿವೆಯ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತವೆ. ಎದುರಿನಿಂದ ಸಮುದ್ರದ ಅಲೆ ಬರುತ್ತದೆ. ಹರಿವಿಗೆ ಎದುರಾಗಿ ಬರುವ ಅಲೆ ಕುಗ್ಗುತ್ತದೆ. ಒಂದು ಅಲೆಗೂ ಇನ್ನೊಂದಕ್ಕೂ ಅಂತರ ಕಡಿಮೆ ಆಗುತ್ತದೆ, ಎತ್ತರ ಜಾಸ್ತಿ ಆಗುತ್ತದೆ, ಮುಖ ಗೋಡೆಯ ಹಾಗೆ ನೆಟ್ಟಗಾಗುತ್ತದೆ. ಅಳಿವೆಯಲ್ಲಿ ಮರಳಿನ ದಿಬ್ಬವೂ ಇರುವುದರಿಂದ ಅಲೆ ಅಲ್ಲೇ ಒಡೆಯುತ್ತದೆ. ಹೊರಗೆ ಸಮುದ್ರ ಶಾಂತವಾಗಿ ಕಂಡರೂ ಬಾಯಿಯಲ್ಲಿ ಹೀಗೆ ಆಗಬಹುದು. ಗಾಳಿಯೂ ಪಡುವಣದಿಂದ ಬೀಸುತ್ತಿದ್ದರೆ ಇನ್ನೂ ಕಷ್ಟ.

ಕೆನೋ ಮೇಲೆ ಮುಚ್ಚಿಗೆ ಇಲ್ಲದ ದೋಣಿ, ನಮ್ಮ ಪಾತಿ ದೋಣಿಯ ಹಾಗೆ. ಅಂಥ ಎರಡು ಅಲೆ ಒಳಗೆ ಬಿದ್ದರೆ ನೂರು ಲೀಟರ್ ನೀರು ಸಲೀಸಾಗಿ ತುಂಬುತ್ತದೆ. ಅದು ನೂರು ಕಿಲೋ ಭಾರ. ಅದೂ ಒಂದು ಕಡೆ ಕೂರದೆ ಅತ್ತಿಂದಿತ್ತ ಓಡಾಡುವ ಭಾರ. ಆಮೇಲೆ ದೋಣಿ ನಿಮ್ಮ ಮಾತು ಕೇಳುವುದಿಲ್ಲ.

"ಕಷ್ಟ ಅಂತ ಕಂಡರೆ ವಾಪಸ್ ಬಂದರಾಯ್ತಲ್ಲ?" ಅಂತ ಕೇಳುತ್ತಾರೆ. ಹೊಸಬರು ನಿಂತ ನೀರಿನಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹುಟ್ಟು ಹಾಕುತ್ತಾರೆ. ಹರಿವೂ ಅಷ್ಟೇ ಇದ್ದರೆ ಎಷ್ಟು ಹುಟ್ಟು ಹಾಕಿದರೂ ನೀವು ನಿಂತಲ್ಲೇ ಇರುತ್ತೀರಿ. ಕೈ ಸೋತ ಕೂಡಲೇ ಅಳಿವೆಯ ಕಡೆಗೆ ಹೋಗುತ್ತೀರಿ. ಹೋಗುವಾಗ ಸುಲಭವಾಗಿತ್ತಲ್ಲ, ಅದೇ ಮೋಸ.

ಒಂದು ಅಕ್ಟೋಬರಿನಲ್ಲಿ ಮೈಸೂರಿನ ಒಂದು ಕುಟುಂಬ ಬಂದಿತ್ತು. ಅಪ್ಪ, ಚಿಕ್ಕಪ್ಪ, ಹದಿನಾಲ್ಕು ವರ್ಷದ ಹುಡುಗ. ತುಂಬಾ ಒಳ್ಳೆಯ ಜನ. ಸಂಜೆ ಕುದ್ರುವಿನ ತೋಟದ ಮನೆಯವರನ್ನು ಕೇಳಿ ತೆಂಗಿನ ಮರಗಳಿಂದ ದೂರ ಟೆಂಟ್ ಹಾಕಿದೆವು. ರಾತ್ರಿ ಮೂಡಣದಿಂದ ಗುಡುಗು, ಗಾಳಿ. ಟಾರ್ಪಾಲಿನ ಎರಡು ಮೂಲೆ ಕಿತ್ತು ಹೋಯಿತು. ಹುಡುಗ ಹೆದರಲಿಲ್ಲ, ಟಾರ್ಚ್ ಹಿಡಿದು ನನ್ನ ಜೊತೆ ಹಗ್ಗ ಕಟ್ಟಿದ. ಬೆಳಿಗ್ಗೆ ಎಂಟಕ್ಕೆ ಆಕಾಶ ತೊಳೆದಿಟ್ಟ ಹಾಗೆ ಇತ್ತು. ಗಂಜಿ ಉಂಡು ಹತ್ತು ಗಂಟೆಗೆ ಅಳಿವೆ ಕಡೆ ಹೋಗಿ ಕೆಂಬೇರಿ ಮೀನು ಹಿಡಿಯೋಣ ಅಂತ ಚಿಕ್ಕಪ್ಪ ಹೊರಟು ನಿಂತರು.

ಆ ದಿನ ಉಬ್ಬರ ಮುಗಿದದ್ದು ಎಂಟೂವರೆಗೆ. ಹತ್ತಕ್ಕೆ ಹೊರಟರೆ ಅಳಿವೆ ಮುಟ್ಟುವುದು ಹನ್ನೊಂದೂವರೆಗೆ. ಸರಿಯಾಗಿ ಇಳಿತದ ನಡುವಿನ ಗಂಟೆಗಳು. ನಾನು ಬೇಡ ಅಂದೆ. ಅವರಿಗೆ ಬೇಜಾರಾಯಿತು. ದುಡ್ಡು ಕೊಟ್ಟು ಅಷ್ಟು ದೂರದಿಂದ ಬಂದಿದ್ದಾರೆ, ಮಾರನೇ ದಿನ ಕೆಲಸಕ್ಕೆ ಹೋಗಬೇಕು. ಆ ಬೇಜಾರು ನನಗೆ ಅರ್ಥವಾಗುತ್ತದೆ.

ಅಷ್ಟರಲ್ಲಿ ತೋಟದ ಮನೆಯ ಅಮ್ಮ ಪಾತ್ರೆ ತೊಳೆಯಲು ನದಿಗೆ ಬಂದರು. ಚಿಕ್ಕಪ್ಪನನ್ನು ನೋಡಿ, "ಎಲ್ಲಿಗೆ ಹೊರಟದ್ದು? ಕೆಂಪು ನೀರು ಬಂತಲ್ಲ, ಕಾಣುದಿಲ್ವಾ?" ಅಂದರು. ಆಗಲೇ ಚಿಕ್ಕಪ್ಪ ನೀರನ್ನು ಸರಿಯಾಗಿ ನೋಡಿದ್ದು. ಹಿಂದಿನ ಸಂಜೆ ಹಸಿರಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ನೊರೆಯ ಗೆರೆ, ಒಣ ಸೋಗೆ, ಒಂದು ಇಡೀ ಬಾಳೆಗಿಡ ತೇಲಿಕೊಂಡು ಹೋಗುತ್ತಿತ್ತು. ಹುಡುಗ ಬಾಳೆಗಿಡದ ಜೊತೆ ದಡದಲ್ಲಿ ನಡೆಯಲು ನೋಡಿದ. ಆಗಲಿಲ್ಲ, ಓಡಬೇಕಾಯಿತು. ಚಿಕ್ಕಪ್ಪ ಹುಟ್ಟು ಕೆಳಗಿಟ್ಟರು. ನಾನು ಅರ್ಧ ಗಂಟೆ ವಿವರಿಸಿದ್ದನ್ನು ಆ ಬಾಳೆಗಿಡ ಒಂದೇ ನಿಮಿಷದಲ್ಲಿ ತೋರಿಸಿತು. ಅವತ್ತಿನಿಂದ ನಾನು ಎಲ್ಲರಿಗೂ ಹಾಗೇ ಮಾಡಿಸುತ್ತೇನೆ. ತೇಲುವ ಒಂದು ವಸ್ತು ನೋಡಿ, ಅದರ ಜೊತೆ ದಡದಲ್ಲಿ ನಡೆಯಿರಿ. ನಡಿಗೆ ಸಾಲದಿದ್ದರೆ ದೋಣಿ ಇಳಿಸಬೇಡಿ.

ಮೀನಿನ ಲೆಕ್ಕದಲ್ಲೂ ನಷ್ಟ ಇಲ್ಲ. ಕೆಂಬೇರಿ ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನು, ಕೆಂಪು ನೀರಿನಲ್ಲಿ ಲೂರ್ (ಮೀನಿನ ಹಾಗೆ ಮಾಡಿದ ನಕಲಿ ಎರೆ) ಎಸೆದರೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ನಾವು ಮಧ್ಯಾಹ್ನದ ಮೇಲೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಿಂದಿನ ಸಣ್ಣ ತೋಡಿನಲ್ಲಿ, ನೀರು ತಿರುಗುವ ಹೊತ್ತಿಗೆ ಸಿಗಡಿ ಕಟ್ಟಿ ಗಾಳ ಹಾಕಿದೆವು. ಹುಡುಗನಿಗೆ ಎರಡು ಮೀನು ಸಿಕ್ಕಿತು. ಸಣ್ಣದನ್ನು ಅವನೇ ವಾಪಸ್ ಬಿಟ್ಟ.

ಟೈಡ್ ಟೇಬಲ್, ಅಂದರೆ ಉಬ್ಬರ ಇಳಿತದ ವೇಳಾಪಟ್ಟಿ, ನೋಡುವವರಿಗೆ ಒಂದು ಎಚ್ಚರಿಕೆ. ನದಿ ತುಂಬಿದ್ದಾಗ ಅದನ್ನು ಪೂರ್ತಿ ನಂಬಬೇಡಿ. ಟೇಬಲಿನ ಪ್ರಕಾರ ಎರಡೂವರೆಗೆ ಇಳಿತ ಮುಗಿಯಬೇಕಿದ್ದರೂ ಮೇಲಿನ ನೀರು ಹೊರಗೆ ಹರಿಯುತ್ತಲೇ ಇರಬಹುದು. ನೆರೆ ಜೋರಿದ್ದರೆ ಉಬ್ಬರದ ಹೊತ್ತಿನಲ್ಲೂ ಮೇಲ್ಪದರ ಸಮುದ್ರದ ಕಡೆಗೇ ಹೋಗುತ್ತದೆ. ಟೇಬಲ್ ಲೆಕ್ಕ ಹಾಕುವುದು ಸೂರ್ಯ ಚಂದ್ರರನ್ನು, ಆಗುಂಬೆಯ ಮಳೆಯನ್ನಲ್ಲ. ಹವಾಮಾನ ಇಲಾಖೆಯ ಮುನ್ನೋಟದಲ್ಲಿ ಉಡುಪಿಯ ಜೊತೆ ಘಟ್ಟದ ಮೇಲಿನ ಜಿಲ್ಲೆಗಳನ್ನೂ ನೋಡಿ. ಅಲೆಗೆ ಸಮುದ್ರದ ಮಾಹಿತಿ ಕೊಡುವ ಇನ್ಕಾಯ್ಸ್ (INCOIS) ಸಂಸ್ಥೆಯ ಎಚ್ಚರಿಕೆ ನೋಡಿ. ಜೂನ್‌ನಿಂದ ಆಗಸ್ಟ್ ತನಕ ನಾನು ಯಾರನ್ನೂ ಅಳಿವೆಯ ಹತ್ತಿರ ಕರೆದುಕೊಂಡು ಹೋಗುವುದಿಲ್ಲ, ಎಷ್ಟು ಕೇಳಿದರೂ.

ನಾನು ಹೇಳಿದ್ದು ಸ್ವರ್ಣಾ, ಸೀತಾ ನದಿಗಳ ನೀರಿನ ಬಗ್ಗೆ. ನೇತ್ರಾವತಿ, ಫಲ್ಗುಣಿ ಒಟ್ಟಿಗೆ ಸೇರುವ ಮಂಗಳೂರಿನ ಅಳಿವೆಯಲ್ಲಿ, ಐದು ನದಿ ಸೇರುವ ಗಂಗೊಳ್ಳಿಯಲ್ಲಿ ಹರಿವು ಬೇರೆ, ದಿಬ್ಬ ಬೇರೆ. ಪ್ರತಿ ಮಳೆಗಾಲ ಕಳೆದ ಮೇಲೆ ದಿಬ್ಬ ಜಾಗವನ್ನೂ ಬದಲಿಸುತ್ತದೆ. ಅಲ್ಲಿಗೆ ಹೋಗುವವರು ನನಗೆ ಫೋನ್ ಮಾಡುವ ಬದಲು ಬೆಳಿಗ್ಗೆ ದೋಣಿ ನಿಲ್ಲುವ ದಕ್ಕೆಗೆ ಹೋಗಿ, ನಾಡದೋಣಿಯವರು ಬಲೆ ಸರಿ ಮಾಡುತ್ತಾ ಕೂತಿರುತ್ತಾರೆ. ಅವರಿಗೆ ಮಾತಿಗೆ ಬಿಡುವಿರುತ್ತದೆ, ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ಇವತ್ತು ಹೊರಗೆ ಹೋಗಿದ್ದೀರಾ ಅಂತ ಕೇಳಿ. ಹೋಗಿಲ್ಲ ಅಂದರೆ ಯಾಕೆ ಅಂತಲೂ ಕೇಳಿ, ಟೆಂಟಿಗೆ ವಾಪಸ್ ಹೋಗಿ ಗಂಜಿಗೆ ನೀರಿಡಿ.