ಬಣ್ಣ ಬಿಡಿ, ಬಾಲ ನೋಡಿ

ಮಂಡ್ಯ, ಪಾಂಡವಪುರ, ತಿ. ನರಸೀಪುರ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವುದು ಸುಳ್ಳಲ್ಲ. ಆದರೆ ರಾತ್ರಿ ಕ್ಯಾಮೆರಾಗೆ ಸಿಕ್ಕಿ ಊರೆಲ್ಲ ಹರಿದಾಡುವ ಎಷ್ಟೋ ‘ಚಿರತೆ ಮರಿ’ಗಳು ಸರಿಯಾಗಿ ನೋಡಿದರೆ ಕಾಡುಬೆಕ್ಕೋ ಪುನುಗು ಬೆಕ್ಕೋ ಆಗಿರುತ್ತವೆ. ಇದಕ್ಕೆ ನೋಡುವವರ ಗಾಬರಿಯನ್ನಷ್ಟೇ ದೂರಿ ಫಲವಿಲ್ಲ. ಎದುರು ಪ್ರಾಣಿ ಹಾದರೆ ತಾನಾಗಿಯೇ ಚಿತ್ರ ತೆಗೆಯುವ ಈ ಕ್ಯಾಮೆರಾ ಟ್ರ್ಯಾಪ್ ಕೆಲಸ ಮಾಡುವ ರೀತಿಯಲ್ಲೇ ಎಡವಟ್ಟಿಗೆ ದಾರಿಯಿದೆ.

ಅಮೆರಿಕದ ಬೇಟೆಗಾರರು ಜಿಂಕೆ ಓಡಾಡುವ ಹೊತ್ತು ತಿಳಿಯಲು ಮರಕ್ಕೆ ಕಟ್ಟುವ ಡಬ್ಬಿಯೂ ಇದೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬೀಗ ಹಾಕಿದೆ. ಇಲ್ಲಿ ಇದನ್ನು ಬಳಸುವವರು ಸಂಶೋಧಕರು, ಅರಣ್ಯ ಸಿಬ್ಬಂದಿ, ಈಚೆಗೆ ತೋಟದ ಮಾಲೀಕರು. ಸ್ವಂತ ಜಮೀನಿನಲ್ಲಿ ಕಟ್ಟಿಕೊಳ್ಳಬಹುದು, ಅರಣ್ಯದೊಳಗಾದರೆ ಇಲಾಖೆಯ ಅನುಮತಿ ಬೇಕೇ ಬೇಕು.

ಹಿನ್ನೆಲೆಗಿಂತ ಬೇರೆ ಉಷ್ಣತೆಯ ಏನಾದರೂ ಮುಂದೆ ಸರಿದಾಗ ಇದರ ಸೆನ್ಸರ್ ಎಚ್ಚರವಾಗುತ್ತದೆ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ನೆಲವೂ ಪ್ರಾಣಿಯ ಮೈಯೂ ಹೆಚ್ಚುಕಮ್ಮಿ ಒಂದೇ ಬಿಸಿಯಾದಾಗ ಹಂದಿಯ ಹಿಂಡು ಹಾದುಹೋದರೂ ಅದು ಸುಮ್ಮನಿರಬಹುದು. ಬಿಸಿಲಿಗೆ ಕಾದ ಕಬ್ಬಿನ ಗರಿಯೊಂದು ಅಲುಗಾಡಿದರೆ ಸಾಕು, ಕಾರ್ಡಿನ ತುಂಬ ಖಾಲಿ ಚಿತ್ರಗಳು. ಎದುರಿನ ಗರಿ, ಹುಲ್ಲು ಸವರಿ. ಲೆನ್ಸನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿ. ಪೂರ್ವ ಪಶ್ಚಿಮಕ್ಕಿಟ್ಟರೆ ಬೆಳಗು ಸಂಜೆಯ ಬಿಸಿಲು ನೇರ ಒಳಗೆ ಬೀಳುತ್ತದೆ. ಎತ್ತರ ಮೊಣಕಾಲಿನಷ್ಟು, ಅಂದರೆ 40ರಿಂದ 45 ಸೆಂಟಿಮೀಟರ್. ಕಾಲುದಾರಿಯ ನಡುವಿನಿಂದ ಮೂರೂವರೆ ನಾಲ್ಕು ಮೀಟರ್ ದೂರ ಸಾಕು. ಎದೆಮಟ್ಟಕ್ಕೆ ಕಟ್ಟಿದರೆ ಬೆನ್ನು ಮಾತ್ರ ಸಿಗುತ್ತದೆ, ಬೆನ್ನು ನೋಡಿ ಯಾರನ್ನೂ ಗುರುತಿಸಲಾಗದು. ಸೆನ್ಸರ್ ಎಚ್ಚರವಾಗಿ ಚಿತ್ರ ತೆಗೆಯುವಷ್ಟರಲ್ಲಿ ಪ್ರಾಣಿ ಅರ್ಧ ದಾಟಿರುತ್ತದೆ, ಅದಕ್ಕೇ ಒಂದು ಸಲಕ್ಕೆ ಮೂರು ಚಿತ್ರ ಬರುವಂತೆ ಹೊಂದಿಸಿ.

ರಾತ್ರಿಯ ಚಿತ್ರ ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನದು, ಹಾಗಾಗಿ ಕಪ್ಪು ಬಿಳುಪು. ಸೀಳುನಾಯಿಯ ಕೆಂಪು, ಕಡವೆಯ ಕಂದು ಎರಡೂ ಬೂದು ಬಣ್ಣವಾಗುತ್ತವೆ. ಹತ್ತಿರ ಬಂದದ್ದು ಬೆಳ್ಳಗೆ ಸುಟ್ಟುಹೋಗುತ್ತದೆ, ದೂರದ್ದು ಕತ್ತಲಲ್ಲಿ ಕರಗುತ್ತದೆ. ಈ ಬೆಳಕು ಒಮ್ಮೊಮ್ಮೆ ಉಪಕಾರವನ್ನೂ ಮಾಡುತ್ತದೆ. ಕಬಿನಿಯ ಕರಿ ಚಿರತೆಯಂಥ ಪ್ರಾಣಿಯ ಮೈಮೇಲಿನ ಚುಕ್ಕೆಗುಚ್ಛಗಳು ಹಗಲಲ್ಲಿ ಕಾಣುವುದೇ ಕಷ್ಟ, ಅವಕೆಂಪಿನಲ್ಲಿ ಎದ್ದು ಕಾಣುತ್ತವೆ. ಕರಿ ಚಿರತೆಗಳೇ ಹೆಚ್ಚಿರುವ ಮಲೇಷ್ಯಾದಲ್ಲಿ ಸಂಶೋಧಕರು ಕ್ಯಾಮೆರಾದ ಬೆಳಕಿನ ಸೆನ್ಸರನ್ನೇ ಮುಚ್ಚಿ, ಹಗಲಲ್ಲೂ ರಾತ್ರಿಯೆಂದು ಅದನ್ನು ನಂಬಿಸಿ ಈ ಗುಣವನ್ನು ಬಳಸಿಕೊಂಡರು.

ಬಣ್ಣ ಕೈಕೊಟ್ಟ ಮೇಲೆ ಉಳಿಯುವುದು ಆಕಾರ. ಅದರಲ್ಲೂ ಬಾಲ. ಚಿರತೆಯದು ಉದ್ದ, ದಪ್ಪ, ನಡೆಯುವಾಗ ತುದಿ ಮೇಲಕ್ಕೆ ಬಾಗಿರುತ್ತದೆ. ಮರಿಯ ಬಾಲವೂ ಮೈಗೆ ಹೋಲಿಸಿದರೆ ಉದ್ದವೇ. ಕಾಡುಬೆಕ್ಕಿನ ಬಾಲ ಹಿಂಗಾಲಿನ ಗಿಣ್ಣಿನ ಹತ್ತಿರಕ್ಕೇ ಮುಗಿಯುತ್ತದೆ. ಕಾಲು ಉದ್ದ, ಮೈಮೇಲೆ ಚುಕ್ಕೆಯಿಲ್ಲ, ಕಿವಿಯ ತುದಿಯಲ್ಲಿ ಸಣ್ಣ ಕೂದಲ ಜುಟ್ಟು. ಪುನುಗು ಬೆಕ್ಕಿಗೆ ಚುಕ್ಕೆಯಿರುವುದರಿಂದ ಮೋಸ ಹೋಗುವವರು ಹೆಚ್ಚು. ಅದರ ಮೂತಿ ಚೂಪು, ಬೆನ್ನ ಮೇಲಿನ ಚುಕ್ಕೆಗಳು ಸಾಲುಗಟ್ಟಿ ಗೆರೆಯಾಗಿರುತ್ತವೆ, ಬಾಲದಲ್ಲಿ ಆರರಿಂದ ಒಂಬತ್ತು ಬಳೆ. ಬಳೆಯಿಲ್ಲದ ಕಪ್ಪು ಬಾಲ, ಮುಖಕ್ಕೆ ಮುಸುಕು ಹಾಕಿದಂತಿದ್ದರೆ ಅದು ಮರಬೆಕ್ಕು.

ಮೇಲುಕೋಟೆಯ ಸುತ್ತ, ತೋಳಕ್ಕೆಂದೇ 1974ರಲ್ಲಿ ಘೋಷಿಸಿದ ವನ್ಯಜೀವಿಧಾಮದ ಅಂಚಿನಲ್ಲಿ, ಗೊಂದಲ ಬೇರೆ ಥರದ್ದು: ತೋಳವೋ, ನರಿಯೋ, ಬೀದಿ ನಾಯಿಯೋ? ನಾಯಿಯ ಬಾಲ ಸಾಮಾನ್ಯವಾಗಿ ಮೇಲೆದ್ದು ಸುರುಳಿಯಾಗಿರುತ್ತದೆ, ಉಳಿದೆರಡರದ್ದು ಕೆಳಕ್ಕೆ ಜೋತಿರುತ್ತದೆ. ತೋಳದ ಕಾಲು ನೀಳ, ಎದೆ ಕಿರಿದು, ನರಿ ಗಿಡ್ಡ. ಕಾಡುಹಂದಿಯನ್ನು ಕಣ್ಣಿನಿಂದಲೂ ಹಿಡಿಯಬಹುದು. ಜಿಂಕೆ, ಬೆಕ್ಕು, ನಾಯಿಗಳ ಕಣ್ಣಿನ ಹಿಂದೆ ಬೆಳಕು ಮರಳಿಸುವ ಪದರವಿದೆ, ಹಂದಿಗೆ ಅದಿಲ್ಲ. ಎದುರು ನಿಂತ ದೊಡ್ಡ ಕಪ್ಪು ಆಕೃತಿಯ ಕಣ್ಣು ಪ್ರಖರವಾಗಿ ಹೊಳೆಯುತ್ತಿದ್ದರೆ ಹಂದಿಯೆಂದು ಬರೆಯುವ ಮುನ್ನ ಇನ್ನೊಮ್ಮೆ ನೋಡಿ.

ಎಲ್ಲಕ್ಕಿಂತ ದೊಡ್ಡ ಮೋಸ ಗಾತ್ರದ್ದು. ಲೆನ್ಸಿಗೆ ಒಂದು ಮೀಟರ್ ದೂರದಲ್ಲಿರುವ ಬೆಕ್ಕು ನಾಲ್ಕು ಮೀಟರ್ ಆಚೆಯ ಚಿರತೆಗಿಂತ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ಖರ್ಚಿಲ್ಲದ ಮದ್ದಿದೆ. ಒಂದು ಮೀಟರ್ ಉದ್ದದ ಕೋಲಿಗೆ ಪ್ರತಿ 10 ಸೆಂಟಿಮೀಟರಿಗೊಂದು ಪಟ್ಟಿ ಬಳಿದು, ಕ್ಯಾಮೆರಾ ಅಲುಗಿಸದೆ, ಪ್ರಾಣಿಯ ಪಾದವಿದ್ದ ಜಾಗದಲ್ಲೇ ನೆಟ್ಟು ಚಿತ್ರ ತೆಗೆದು ಎರಡನ್ನೂ ಪಕ್ಕಪಕ್ಕ ಇಡಿ. ಭುಜದ ಎತ್ತರ 60-70 ಸೆಂಟಿಮೀಟರ್ ಬಂದರೆ ಬೆಳೆದ ಚಿರತೆಯ ಮಾತಾಡಬಹುದು, 40ರೊಳಗಿದ್ದರೆ ಮತ್ತೆ ಬಾಲದ ಉದ್ದಕ್ಕೇ ಮರಳಬೇಕು.

ಚಿರತೆ ಹೌದಾದರೆ ಮುಂದಿನ ಪ್ರಶ್ನೆ: ಒಂದೋ, ಎರಡೋ? ಹುಲಿಯ ಪಟ್ಟೆ, ಚಿರತೆಯ ಚುಕ್ಕೆಗುಚ್ಛ ಒಂದರಂತೆ ಇನ್ನೊಂದಕ್ಕಿರುವುದಿಲ್ಲ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ಸಂಖ್ಯೆ ಅಂದಾಜಿಸಿದ್ದು ಈ ಗುರುತಿನ ಆಧಾರದ ಮೇಲೆ. ಒಂದೇ ಪ್ರಾಣಿಯ ಎಡಮಗ್ಗುಲಿನ ವಿನ್ಯಾಸ ಬಲಮಗ್ಗುಲಿಗೆ ಹೊಂದುವುದಿಲ್ಲ ಎಂಬುದನ್ನು ಮರೆತರೆ ಲೆಕ್ಕ ಕೆಡುತ್ತದೆ. ಹೋಗುವಾಗ ಎಡ, ಬರುವಾಗ ಬಲ ತೋರಿಸಿದ ಒಂದೇ ಚಿರತೆ ಎರಡಾಗಿಬಿಡುತ್ತದೆ. ಸಂಶೋಧಕರು ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುವುದು ಅದಕ್ಕೇ. ಒಂದೇ ಕ್ಯಾಮೆರಾ ಇರುವವರು ಎಡವನ್ನು ಎಡದೊಂದಿಗೆ ಮಾತ್ರ ಹೋಲಿಸಲಿ. ಭುಜ, ಪಕ್ಕೆ, ತೊಡೆ ಮೂರರಲ್ಲೂ ಒಂದೊಂದು ವಿಚಿತ್ರ ಗುಚ್ಛ ಆರಿಸಿಕೊಂಡರೆ ಸಾಕು.

ಬ್ಯಾಟರಿ ಬದಲಿಸಿದಾಗಲೆಲ್ಲ ಗಡಿಯಾರ ನೋಡಿ, ಕೆಲವು ಮಾದರಿಗಳಲ್ಲಿ ದಿನಾಂಕ ಮೊದಲಿನದಕ್ಕೆ ಮರಳಿರುತ್ತದೆ. ನಡುಹಗಲಿನ ಪುನುಗು, ನಡುರಾತ್ರಿಯ ಮುಂಗುಸಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಗಡಿಯಾರವನ್ನು. ವಲಯ ಅರಣ್ಯಾಧಿಕಾರಿಗೆ ಚಿತ್ರ ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೊ ಎಂದು ಕಳಿಸಿದರೆ ಚುಕ್ಕೆಗಳು ಮಸುಕಾಗುತ್ತವೆ, ಕಡತದೊಳಗಿನ ದಿನಾಂಕ, ಸಮಯವೂ ಅಳಿಸಿಹೋಗುತ್ತವೆ.