ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಆಗಬೇಕೆ?

ಐಟಿಐ ಫಲಿತಾಂಶ ಬಂದ ವಾರದಿಂದಲೇ ಅಭ್ಯರ್ಥಿಗಳೂ ಅವರ ತಂದೆತಾಯಿಗಳೂ ಬಂದು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ಅಪ್ರೆಂಟಿಸ್ ಆಗಿ ಸೇರಿದರೆ ಮುಂದೆ ಅಲ್ಲೇ ಕೆಲಸ ಕಾಯಂ ಆಗುತ್ತದೆಯೇ? ತರಬೇತಿ ಅಧಿಕಾರಿಯಾಗಿ ನಾನು ಮೊದಲು ತಿಳಿಸುವ ಸಂಗತಿಯೆಂದರೆ, ಕಾನೂನು ಅಂಥ ಖಾತರಿಯನ್ನು ಕೊಟ್ಟಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬಹುದು. ಆದ್ದರಿಂದ ಕಾಯಂ ಕೆಲಸದ ಆಸೆಯೊಂದನ್ನೇ ನಂಬಿ ಸೇರುವವರಿಗೆ ನಾನು ಒಪ್ಪಿಗೆ ಸೂಚಿಸುವುದಿಲ್ಲ. ಈ ಒಂದು ವರ್ಷದಲ್ಲಿ ಯಾವ ಕೆಲಸದಲ್ಲಿ ಕೈ ಪಳಗುತ್ತದೆ, ಕೊನೆಗೆ ಯಾವ ಪ್ರಮಾಣಪತ್ರ ದೊರೆಯುತ್ತದೆ, ಅಲ್ಲಿಯವರೆಗೆ ಮನೆಯ ಖರ್ಚು ಹೇಗೆ ನಡೆಯುತ್ತದೆ ಎಂಬುದನ್ನು ನೋಡಿ ನಿರ್ಧರಿಸಬೇಕು.

ಇವುಗಳಲ್ಲಿ ಮೊದಲನೆಯದೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ವರ್ಷ ಫಿಟ್ಟರ್ ಟ್ರೇಡ್ ಓದಿದವನು ಅರ ಹಾಕುವುದನ್ನು, ವರ್ನಿಯರ್ ಮತ್ತು ಮೈಕ್ರೋಮೀಟರ್ ಓದುವುದನ್ನು, ಡ್ರಾಯಿಂಗ್ ನೋಡಿ ಒಂದು ಜಾಬ್ ತಯಾರಿಸುವುದನ್ನು ಕಲಿತಿರುತ್ತಾನೆ. ಆದರೆ ಓಡುತ್ತಿರುವ ಯಂತ್ರ ನಡುವೆ ನಿಂತಾಗ ದೋಷ ಎಲ್ಲಿದೆಯೆಂದು ಹುಡುಕುವುದು, ಒಂದೇ ಅಳತೆಯ ಬಿಡಿಭಾಗಗಳನ್ನು ಪಾಳಿಯುದ್ದಕ್ಕೂ ರಿಜೆಕ್ಷನ್ ಬರದಂತೆ ತೆಗೆಯುವುದು, ಪಾಳಿ ಬದಲಾಗುವಾಗ ಮುಂದಿನವನಿಗೆ ಕೆಲಸವನ್ನು ಸರಿಯಾಗಿ ಒಪ್ಪಿಸುವುದು ಶಾಪ್‌ಫ್ಲೋರ್‌ನಲ್ಲಿ ನಿಂತಾಗಲೇ ಬರುವ ವಿದ್ಯೆ. ಫಿಟ್ಟರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್ ಮುಂತಾದ ಟ್ರೇಡ್‌ಗಳಲ್ಲಿ ತರಗತಿಗೂ ಕಾರ್ಖಾನೆಗೂ ನಡುವಿನ ಅಂತರ ದೊಡ್ಡದಾಗಿರುವುದರಿಂದ ಒಳ್ಳೆಯ ಕಡೆ ಕಳೆದ ಅಪ್ರೆಂಟಿಸ್ ವರ್ಷ ಎಂದಿಗೂ ವ್ಯರ್ಥವಾಗುವುದಿಲ್ಲ. ಕಂಪ್ಯೂಟರ್ ಆಪರೇಟರ್ ಟ್ರೇಡ್‌ನವರು ಮಾತ್ರ ಸ್ವಲ್ಪ ಎಚ್ಚರಿಕೆಯಿಂದಿರಬೇಕು. ವರ್ಷವಿಡೀ ಕಡತಗಳ ಮಾಹಿತಿಯನ್ನು ಟೈಪ್ ಮಾಡುವುದೇ ಕೆಲಸವಾದರೆ ಹೊಸದಾಗಿ ಕಲಿತದ್ದು ಹೆಚ್ಚೇನೂ ಇರುವುದಿಲ್ಲ.

ಒಳ್ಳೆಯ ಸಂಸ್ಥೆಯನ್ನು ಗುರುತಿಸುವುದು ಹೇಗೆ? ಹಿಂದಿನ ಬ್ಯಾಚಿನಲ್ಲಿ ಅಲ್ಲಿ ಇದ್ದವರನ್ನು ಹುಡುಕಿ ಮಾತನಾಡಿಸುವುದಕ್ಕಿಂತ ಉತ್ತಮ ದಾರಿ ನನಗೆ ತಿಳಿದಿಲ್ಲ. ಎಷ್ಟು ವಿಭಾಗಗಳಿಗೆ ಕಳುಹಿಸಿದರು, ಯಂತ್ರವನ್ನು ಕೈಗೆ ಕೊಟ್ಟರೋ ಅಥವಾ ಸಾಮಾನು ಸಾಗಿಸಲು ಹಚ್ಚಿದರೋ, ಕಲಿಸಲು ಹಿರಿಯ ಕೆಲಸಗಾರರೊಬ್ಬರನ್ನು ಗೊತ್ತುಮಾಡಿದ್ದರೋ ಎಂದು ಕೇಳಿ. ಹೆಸರಾಂತ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ವರ್ಷ ಕಳೆಯುವುದಕ್ಕಿಂತ ಬೆಳಗಾವಿಯ ಒಂದು ಮಧ್ಯಮ ಗಾತ್ರದ ಫೌಂಡ್ರಿಯಲ್ಲೋ ಪೀಣ್ಯದ ಟೂಲ್ ರೂಮಿನಲ್ಲೋ ನಿಜವಾದ ಕೆಲಸ ಕಲಿಯುವುದು ಎಷ್ಟೋ ಮೇಲು.

ಪ್ರಮಾಣಪತ್ರದ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ‘ಟ್ರೈನೀ’ ಎಂದು ಕರೆದ ಮಾತ್ರಕ್ಕೆ ಅದು ಕಾಯ್ದೆಯಡಿಯ ಅಪ್ರೆಂಟಿಸ್‌ಶಿಪ್ ಆಗುವುದಿಲ್ಲ. ಒಪ್ಪಂದವು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು, ಅದರ ಪ್ರತಿ ನಿಮ್ಮ ಬಳಿ ಇರಬೇಕು. ವಯಸ್ಸು 18 ತುಂಬಿರದಿದ್ದರೆ ಪೋಷಕರು ಸಹಿ ಮಾಡಬೇಕು. ಹೀಗೆ ನೋಂದಣಿಯಾಗಿ, ತರಬೇತಿ ಮುಗಿಸಿ, ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೇ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ದೊರೆಯುತ್ತದೆ. ರೈಲ್ವೆಯಲ್ಲಿ ತರಬೇತಿ ಪಡೆದವರಿಗೆ ಇದರ ಬೆಲೆ ಸ್ಪಷ್ಟವಾಗಿ ಕಾಣುತ್ತದೆ: ರೈಲ್ವೆಯ ಲೆವೆಲ್ 1 (ಅತ್ಯಂತ ಕೆಳಹಂತದ) ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 20ರಷ್ಟನ್ನು ಅವರಿಗಾಗಿ ಮೀಸಲಿಡಲಾಗಿದೆ, ಆದರೆ ಪರೀಕ್ಷೆ ಬರೆದು ಅರ್ಹತೆ ಪಡೆಯಲೇಬೇಕು. ಹುಬ್ಬಳ್ಳಿ, ಮೈಸೂರಿನ ಕಾರ್ಯಾಗಾರಗಳನ್ನೊಳಗೊಂಡ ನೈಋತ್ಯ ರೈಲ್ವೆ ಅಪ್ರೆಂಟಿಸ್‌ಗಳನ್ನು ಹತ್ತನೇ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಆಯ್ಕೆ ಮಾಡುವುದರಿಂದ, ಎಸ್ಎಸ್ಎಲ್‌ಸಿ ಅಂಕ ಕಡಿಮೆಯಿರುವವರು ಅದೊಂದನ್ನೇ ಕಾಯುತ್ತ ಕೂರುವುದು ಸರಿಯಲ್ಲ.

ಇನ್ನು ಹಣ. 2019ರ ತಿದ್ದುಪಡಿಯು ವಿದ್ಯಾರ್ಹತೆಗೆ ಅನುಗುಣವಾಗಿ ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗೆ ಕನಿಷ್ಠ ಸ್ಟೈಪೆಂಡ್ ನಿಗದಿಪಡಿಸಿತು. ಇದನ್ನು ಶೇ 36ರಷ್ಟು ಹೆಚ್ಚಿಸುವಂತೆ 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿತು. ಇದಕ್ಕಿಂತ ಹೆಚ್ಚು ಕೊಡುವ ಕಾರ್ಖಾನೆಗಳೂ ಇವೆ. ಹಾಗಿದ್ದರೂ ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬಂದು ಬಾಡಿಗೆ ಕೊಟ್ಟು, ಊಟ ಮಾಡಿ, ಬಸ್ಸಿನ ಖರ್ಚು ತೂಗಿಸಿದ ಮೇಲೆ ಮನೆಗೆ ಕಳುಹಿಸಲು ಏನೂ ಉಳಿಯದಿರುವುದೇ ಹೆಚ್ಚು. ತಂದೆಯ ಸಾಲದ ಕಂತನ್ನು ಮಗ ಈಗಲೇ ಕಟ್ಟಬೇಕಾದ ಮನೆಯಲ್ಲಿ ಈ ಲೆಕ್ಕವನ್ನು ಸೇರುವ ಮೊದಲೇ ಎಲ್ಲರೂ ಕೂತು ಹಾಕಬೇಕು. ಇಲ್ಲದಿದ್ದರೆ ಏಜೆನ್ಸಿಯವರು ಗುತ್ತಿಗೆ ಕೆಲಸಕ್ಕೆ ಎರಡು ಮೂರು ಸಾವಿರ ಹೆಚ್ಚು ಕೊಡುತ್ತೇವೆಂದಾಗ ಹುಡುಗ ಅರ್ಧಕ್ಕೇ ಬಿಟ್ಟುಹೋಗುತ್ತಾನೆ, ಕಲಿಕೆಯೂ ಪ್ರಮಾಣಪತ್ರವೂ ಎರಡೂ ತಪ್ಪುತ್ತವೆ. ಸಾಧ್ಯವಾದರೆ ಮನೆಯಿಂದ ಹೋಗಿಬರುವ ದೂರದಲ್ಲೇ ಸಂಸ್ಥೆ ಹುಡುಕಿ ಎಂದು ಅಂಥವರಿಗೆ ಹೇಳುತ್ತೇನೆ.

ಅರ್ಧಕ್ಕೆ ಬಿಡುವುದರಲ್ಲಿ ಇನ್ನೊಂದು ತೊಡಕೂ ಇದೆ. ಈಗಾಗಲೇ ಅಪ್ರೆಂಟಿಸ್ ತರಬೇತಿ ಪಡೆದವರು ಅಥವಾ ಒಂದು ವರ್ಷಕ್ಕಿಂತ ಹೆಚ್ಚಿನ ಕೆಲಸದ ಅನುಭವವಿರುವವರು ಅರ್ಜಿ ಹಾಕುವಂತಿಲ್ಲ ಎಂಬ ಷರತ್ತನ್ನು ಸಾರ್ವಜನಿಕ ವಲಯದ ಅನೇಕ ಅಧಿಸೂಚನೆಗಳಲ್ಲಿ ಕಾಣಬಹುದು. ಹೀಗಾಗಿ ಸಿಕ್ಕಿದ ಮೊದಲ ಕಡೆ ಸೇರಿ, ಆಮೇಲೆ ಎಚ್ಎಎಲ್, ಬಿಇಎಲ್‌ನಂಥ ಸಂಸ್ಥೆಗಳ ಕರೆ ಬಂದಾಗ ನೋಡೋಣ ಎನ್ನುವವರು ಆ ಅವಕಾಶವನ್ನು ಕಳೆದುಕೊಳ್ಳಬಹುದು.

ಓದು ಮುಂದುವರಿಸುವ ಮನಸ್ಸೂ ಅನುಕೂಲವೂ ಇರುವವರ ವಿಷಯ ಬೇರೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ; ಅಲ್ಲಿಂದ ಡಿಪ್ಲೊಮಾ ಮುಗಿಸಿದವರಿಗಾಗಿ ನಡೆಯುವ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಗಣಿತದಲ್ಲಿ ಚುರುಕಾಗಿದ್ದು ಡ್ರಾಯಿಂಗ್‌ನಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗೆ, ಅದರಲ್ಲೂ ಮನೆಯವರು ಓದಿಸಲು ಸಿದ್ಧರಿದ್ದರೆ, ನಾನು ಹೇಳುವುದು ಡಿಪ್ಲೊಮಾವನ್ನೇ. ಡಿಪ್ಲೊಮಾ ಆದ ಮೇಲೂ ಅಪ್ರೆಂಟಿಸ್ ಆಗಲು ಅವಕಾಶವಿದೆ.

ಸೇರಲು ನಿರ್ಧರಿಸಿದವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದನ್ನು ಪೂರ್ತಿ ಓದಬೇಕು. ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಅನುಮತಿಯಿಲ್ಲದೆ ಅಪ್ರೆಂಟಿಸ್‌ನಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಯದು. ನಡುವೆ ಸಂಸ್ಥೆಯ ತಪ್ಪಿನಿಂದ ಒಪ್ಪಂದ ಮುರಿದುಬಿದ್ದರೆ ಅಪ್ರೆಂಟಿಸ್‌ಗೆ ಪರಿಹಾರ ಸಿಗಬೇಕು, ಅಪ್ರೆಂಟಿಸ್‌ನ ತಪ್ಪಿನಿಂದ ಮುರಿದುಬಿದ್ದರೆ ತರಬೇತಿಯ ವೆಚ್ಚವನ್ನು ಅವನೇ ಹಿಂದಿರುಗಿಸಬೇಕಾಗಬಹುದು. ಒಪ್ಪಂದದ ಯಾವುದೇ ಮಾತು ಅರ್ಥವಾಗದಿದ್ದರೆ ಓದಿದ ಐಟಿಐಗೇ ಆ ಕಾಗದವನ್ನು ತೆಗೆದುಕೊಂಡು ಹೋಗಿ ಕೇಳಿ. ಪಾಸಾಗಿ ಹೋದವರಿಗೂ ಅದನ್ನು ವಿವರಿಸಿ ಹೇಳುವುದು ನಮ್ಮ ಕೆಲಸ.