ಶಿವಪ್ಪನಾಯಕನ ಶಿಸ್ತು: ಮಲೆನಾಡಿನ ಒಂದು ಕಂದಾಯದ ಕಥೆ

‘ಶಿಸ್ತಿನ ಶಿವಪ್ಪನಾಯಕ’ ಅನ್ನೋ ಮಾತನ್ನು ಶಾಲೆಯಲ್ಲಿ ಎಲ್ಲರೂ ಕೇಳಿರುತ್ತೇವೆ. ಅಲ್ಲಿ ಶಿಸ್ತು ಅಂದರೆ ಜಮೀನಿಗೆ ಕಟ್ಟಬೇಕಾದ ಕಂದಾಯ. ಕೆಳದಿಯ ಕಥೆ ನನಗೆ ಅರ್ಥವಾಗಿದ್ದು ಈ ಒಂದು ಪದದಿಂದಲೇ.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ಕೆಳದಿ, ಇಕ್ಕೇರಿ, ಬಿದನೂರು ಮೂರೂ ಒಂದೇ ಸಂಸ್ಥಾನಕ್ಕೆ ಒಂದಾದ ಮೇಲೊಂದರಂತೆ ರಾಜಧಾನಿಯಾದ ಊರುಗಳು. 1499ರ ಸುಮಾರಿಗೆ ಚೌಡಪ್ಪನಿಂದ ಶುರುವಾದ ಈ ಮನೆತನ ವಿಜಯನಗರದ ನೆರಳಲ್ಲಿ ಬೆಳೆಯಿತು. ವಿಜಯನಗರ ಕುಸಿದ ಮೇಲೆ ತನ್ನ ಕಾಲ ಮೇಲೆ ನಿಂತು, 1763ರವರೆಗೆ ಆಳಿತು.

ಶಿವಪ್ಪನಾಯಕ ಪಟ್ಟಕ್ಕೆ ಬಂದದ್ದು 1645ರಲ್ಲಿ. ಅವನ ಯುದ್ಧಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವನ ಲೆಕ್ಕದ ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜಮೀನನ್ನು ಗುಣದ ಮೇಲೆ ಐದು ಬಗೆಯಾಗಿ ವಿಂಗಡಿಸಿದರು. ಒಂದೊಂದು ಬಗೆಯ ಹೊಲವನ್ನೂ ಸರ್ಕಾರವೇ 12 ವರ್ಷ ಸಾಗುವಳಿ ಮಾಡಿಸಿತು. ಬಿತ್ತಿದ ಬೀಜ ಎಷ್ಟು, ಖರ್ಚು ಎಷ್ಟು, ಬೆಳೆ ಎಷ್ಟು, ಬೆಲೆ ಎಷ್ಟು, ಎಲ್ಲವನ್ನೂ ಬರೆದಿಟ್ಟರು. ಮಳೆ ಕೈಕೊಟ್ಟ ವರ್ಷವೂ ಆ ಸರಾಸರಿಯಲ್ಲಿ ಸೇರಿತು. ಅದರ ಮೇಲೆ ಮೂರನೇ ಒಂದು ಪಾಲು ಸರ್ಕಾರಕ್ಕೆ. ಅಧಿಕಾರಿಯೊಬ್ಬ ಸುಮ್ನೆ ಬಾಯಿಗೆ ಬಂದಷ್ಟು ಕೇಳೋ ಹಾಗಿರಲಿಲ್ಲ.

ಅಡಿಕೆ ತೋಟಕ್ಕೆ ಬೇರೆ ಅಳತೆ. ಸಾಗರದ ಹತ್ತಿರದ ಇಕ್ಕೇರಿಗೆ ಹೋದರೆ ಅಘೋರೇಶ್ವರ ದೇವಸ್ಥಾನದ ಮಧ್ಯದ ಕಂಬಗಳ ನಡುವೆ ಒಮ್ಮೆ ನಿಂತು ನೋಡಿ. ಆ ಅಂತರ ಸುಮಾರು 18 ಅಡಿ 6 ಇಂಚು. ತೋಟ ಅಳೆಯಲು ಇದೇ ಪ್ರಮಾಣವಾಗಿತ್ತು. ಅಳತೆಕೋಲನ್ನು ಮೋಸದಿಂದ ಮೊಟಕು ಮಾಡಬಹುದು, ದೇವಸ್ಥಾನದ ಕಂಬವನ್ನು ಸರಿಸೋಕಾಗುತ್ತಾ? ಅದೇ ಗುಡಿಯ ನೆಲದ ಮೇಲೆ ಮೂವರು ನಾಯಕರು ಅಡ್ಡಬಿದ್ದಿರುವ ಕೆತ್ತನೆಗಳೂ ಇವೆ, ಪಕ್ಕದಲ್ಲಿ ಅವರವರ ಹೆಸರು.

ಮುಂದೆ ಕೆಳದಿಯ ರಾಣಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಈ ಕಥೆ ಎಲ್ಲರಿಗೂ ಗೊತ್ತು. ಅಷ್ಟರಲ್ಲಿ ಮೂಲ ಶಿಸ್ತಿನ ಮೇಲೆ ಹೊಸ ಹೊಸ ಪಟ್ಟಿಗಳು, ಅಂದರೆ ಹೆಚ್ಚುವರಿ ತೆರಿಗೆಗಳು, ಸೇರುತ್ತಾ ಹೋದವು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ, ರಾಣಿ ವೀರಮ್ಮಾಜಿ ಮಧುಗಿರಿಯಲ್ಲಿ ಸೆರೆಯಾದಳು. ಬಿದನೂರು ಹೈದರನಗರವಾಗಿ, ಆಮೇಲೆ ಬರೀ ‘ನಗರ’ ಆಯಿತು. 1799ರ ನಂತರ ಈ ಸೀಮೆ ಮೈಸೂರು ಒಡೆಯರ ಆಡಳಿತಕ್ಕೆ ಸೇರಿತು.

ಒಡೆಯರ ಆಡಳಿತದಲ್ಲಿ ಶರತ್ತಿನ ಪದ್ಧತಿ ಬಂತು. ಇಷ್ಟು ಹಣ ಕಟ್ಟುತ್ತೇನೆ ಎಂದು ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ) ಮೊದಲೇ ಒಪ್ಪಿಕೊಳ್ಳಬೇಕು, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ತುಂಬುವುದು ಎಲ್ಲಿಂದ? ರೈತನಿಂದ ತಾನೇ. 12 ವರ್ಷ ಕಾದು ಹಾಕಿದ್ದ ಲೆಕ್ಕಕ್ಕೆ ಆಗ ಬೆಲೆಯೇ ಉಳಿಯಲಿಲ್ಲ.

1830ರಲ್ಲಿ ರೈತರು ಕೂಟ ಕಟ್ಟಿದರು. ಅದೇ ನಗರ ದಂಗೆ. ಬೂದಿ ಬಸವಪ್ಪ ಎಂಬಾತ ‘ನಾನು ಕೆಳದಿ ವಂಶದವನು’ ಎಂದು ಹೇಳಿಕೊಂಡು ಮುಂದೆ ಬಂದಾಗ ಜನ ಅವನ ಹಿಂದೆ ನಿಂತರು. ಕೆಳದಿಯವರು ಗದ್ದುಗೆ ಕಳೆದುಕೊಂಡು ಆಗಲೇ 67 ವರ್ಷವಾಗಿತ್ತು. ದಂಗೆಯನ್ನು ಅಡಗಿಸಿದರು. ಆದರೆ ಅದನ್ನೇ ಮುಂದಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಇಡೀ ಮೈಸೂರಿನ ಆಡಳಿತ ತೆಗೆದುಕೊಂಡರು. ಅದು ಒಡೆಯರಿಗೆ ವಾಪಸ್ ಸಿಕ್ಕಿದ್ದು 1881ರಲ್ಲಿ.